ಬಿರಡೆ ಇಲ್ಲದ ವಾದ್ಯ

ಕಪಿಲೆಯ ದಡದ ಆ ಗುರುಕುಲದಲ್ಲಿ ಮೂವತ್ತೆರಡು ವಾದ್ಯಗಳ ಒಂದು ವೃಂದವಿತ್ತು. ಹತ್ತು ವೀಣೆ, ಹದಿನಾರು ಪಿಟೀಲು, ಮೂರು ಮೃದಂಗ, ಎರಡು ಘಟ, ಒಂದು ನಾಗಸ್ವರ.

ಪ್ರತಿವರ್ಷ ವಿಜಯದಶಮಿಯ ಸಂಜೆ ನದಿಯ ಮೆಟ್ಟಿಲುಗಳ ಮೇಲೆ ಅವರ ಮೊದಲ ಕಛೇರಿ. ಅಲ್ಲಿಂದ ಯುಗಾದಿಯೊಳಗೆ ಆರು ಊರು, ಆರು ಕಛೇರಿ. ಆ ಸೀಮೆಯ ಜನ ಅದನ್ನು ವೃಂದದ ಸುಗ್ಗಿ ಎಂದೇ ಕರೆಯುತ್ತಿದ್ದರು.

ಆ ವರ್ಷ ಗುರು ಅಪ್ರಮೇಯರಿಗೆ ಎಪ್ಪತ್ತೆಂಟು ತುಂಬಿತು. ಅವರು ಶಿಷ್ಯ ಪಶುಪತಿಯನ್ನು ಕರೆದರು.

“ಮುಂದಿನ ಚಾಪೆಯ ಮೇಲೆ ಕೂತು ವೃಂದ ನಡೆಸಲು ನನ್ನ ಮಂಡಿ ಒಪ್ಪುತ್ತಿಲ್ಲ. ಈ ಸಲ ನೀನು ಕೂತುಕೋ.”

ಹನ್ನೆರಡು ವರ್ಷ ಆ ಮಾತಿಗೆ ಕಾದಿದ್ದ ಪಶುಪತಿ ಅಲ್ಲೇ ಕಾಲಿಗೆ ಬಿದ್ದ.

“ಬೀಳೋದು ಆಮೇಲೆ. ಮೊದಲ ಕಛೇರಿ ಕಳೆಗಟ್ಟಿದರೆ ಆರೂ ಊರಿಗೆ ವೃಂದವನ್ನು ನೀನೇ ಕರೆದುಕೊಂಡು ಹೋಗು. ಕಳೆಗಟ್ಟಲಿಲ್ಲವೋ, ಈ ವರ್ಷ ನಾವು ಈ ದಡ ಬಿಟ್ಟು ಕದಲುವುದಿಲ್ಲ. ಆರೂ ಊರಿಗೆ ನಾನೇ ಕಾಗದ ಬರೆಯುತ್ತೇನೆ.”

“ಒಂದು ತಪ್ಪೂ ಆಗದ ಹಾಗೆ ನೋಡಿಕೊಳ್ಳುತ್ತೇನೆ, ಗುರುಗಳೇ.”

“ಅದೇ ನನ್ನ ಭಯ,” ಎಂದರು ಗುರುಗಳು.

ಪಶುಪತಿ ಅಳತೆಯ ಮನುಷ್ಯ. ಅಭ್ಯಾಸಕ್ಕೆ ಎರಡು ನಿಮಿಷ ತಡವಾಗಿ ಬಂದವರು ಜಗಲಿಯಲ್ಲೇ ಕೂರಬೇಕಾಯಿತು. ಚಾಪೆಗಳನ್ನು ದಾರ ಹಿಡಿದು ಹಾಸಿಸಿದ. ಯಾವ ಕೃತಿ ಎಷ್ಟು ನಿಮಿಷ, ಯಾರಿಗೆ ತಾಳದ ಎಷ್ಟು ಆವರ್ತ ಎಲ್ಲವನ್ನೂ ಬರೆದು ಗೋಡೆಗೆ ಅಂಟಿಸಿದ.

ಶ್ರುತಿ ಅಳೆಯುವ ಪುಟ್ಟ ಯಂತ್ರವೊಂದನ್ನೂ ತರಿಸಿದ. ಶ್ರುತಿಯ ಎತ್ತರವನ್ನು ಹೇಳುವುದು ಮನೆಗಳ ಲೆಕ್ಕದಲ್ಲಿ; ವೃಂದದ ಶ್ರುತಿ ಎರಡೂವರೆ ಮನೆ. ಸ್ವರ ಸರಿಯಾಗಿ ಆ ಮನೆಗೆ ಬಂದರೆ ಯಂತ್ರದ ಮುಳ್ಳು ನಟ್ಟನಡುವೆ ನಿಲ್ಲುತ್ತಿತ್ತು.

ಮೂವತ್ತೊಂದು ವಾದ್ಯಗಳಿಗೆ ಮುಳ್ಳು ನಡುವೆ ನಿಂತಿತು. ಮೂವತ್ತೆರಡನೆಯದಕ್ಕೆ ನಿಲ್ಲಲಿಲ್ಲ.

ಅದು ಚಿಕ್ಕರಂಗಯ್ಯನವರ ನಾಗಸ್ವರ. ದೇವಸ್ಥಾನದ ಓಲಗ ಐದು ತಲೆಮಾರಿನಿಂದ ಅವರ ಮನೆಯವರದು.

“ರಂಗಯ್ಯನವರೇ, ಕೂದಲೆಳೆಯಷ್ಟು ಕೆಳಗಿದೆ,” ಎಂದ ಪಶುಪತಿ.

“ನಮ್ಮಜ್ಜನ ಕಾಲದ್ದು ಸ್ವಾಮಿ. ಅದು ಇರೋದೇ ಅಲ್ಲಿ.”

“ಊದುವ ಪೀಪಿ ಬದಲಿಸಿ ನೋಡಿ.”

“ನೋಡಿದೆ. ಷಡ್ಜ ಮೇಲೆ ಬಂದರೆ ಪಂಚಮ ಮುನಿಸಿಕೊಳ್ಳುತ್ತೆ. ಪಂಚಮವನ್ನ ರಮಿಸಿ ಕೂರಿಸಿದರೆ ನಿಷಾದ ತವರಿಗೆ ಹೊರಟು ನಿಲ್ಲುತ್ತೆ.”

ಪಿಟೀಲಿನ ಸಾಲು ಗೊಳ್ಳೆಂದಿತು. ಪಶುಪತಿ ನಗಲಿಲ್ಲ.

“ಬೇರೆ ನಾಗಸ್ವರ ತನ್ನಿ.”

“ಬೇರೆ ತುಟೀನೂ ತರಬೇಕಾಗುತ್ತೆ.”

“ಹಾಗಾದರೆ ಈ ವರ್ಷ ನೀವು ಬೇಡ. ಬೇಜಾರು ಮಾಡಿಕೊಳ್ಳಬೇಡಿ. ಇದು ಕಛೇರಿ, ಓಲಗವಲ್ಲ.”

ಚಿಕ್ಕರಂಗಯ್ಯನವರು ವಾದ್ಯವನ್ನು ಬಟ್ಟೆಯಲ್ಲಿ ಸುತ್ತಿ ಹೆಗಲಿಗೇರಿಸಿದರು. ಬಾಗಿಲ ಬಳಿ ಒಮ್ಮೆ ತಿರುಗಿದರು.

“ಬರ್ತೀನಿ ಸ್ವಾಮಿ. ಯಂತ್ರದವರಿಗೂ ನನ್ನ ನಮಸ್ಕಾರ ತಿಳಿಸಿ.”

ಮರುದಿನ ಬೆಳಿಗ್ಗೆ ಪಶುಪತಿ ನದಿಗೆ ಇಳಿದ. ಗುರುಗಳು ಮೊಣಕಾಲುದ್ದ ನೀರಿನಲ್ಲಿ ನಿಂತು ಪಂಚೆ ಜಾಲಿಸುತ್ತಿದ್ದರು.

“ಶ್ರುತಿ ಶುದ್ಧವಾಯಿತು, ಗುರುಗಳೇ. ಮೂವತ್ತೊಂದೂ ಒಂದೇ ಅಳತೆ.”

“ನಾನು ಕೊಟ್ಟಿದ್ದು ಮೂವತ್ತೆರಡು.”

“ಚಿಕ್ಕರಂಗಯ್ಯನವರನ್ನು ಬಿಟ್ಟೆ. ಅವರದು ಓಲಗಕ್ಕೆ ಸರಿ. ಕಛೇರಿಗೆ ಹೊಂದುವುದಿಲ್ಲ.”

“ಕಛೇರಿ ಅಂದರೇನಯ್ಯ?”

“ಸಂಗೀತದ ಸಭೆ.”

“ಸಂಗೀತ ಬಂದು ಸೇರಿಕೊಳ್ಳುವುದಕ್ಕೆ ಮೊದಲು?”

“ಅರಸರ ಸಭೆ.”

“ಓಲಗ ಅಂದರೆ?”

ಹಳೆಯ ಕಾವ್ಯಗಳನ್ನು ಪಶುಪತಿ ಚೆನ್ನಾಗಿ ಓದಿಕೊಂಡಿದ್ದ.

“ಅದೂ ಅರಸರ ಸಭೆಯೇ,” ಎಂದ ಮೆಲ್ಲಗೆ.

“ಹಾಗಾದರೆ ಆ ಮನುಷ್ಯನನ್ನು ಎಲ್ಲಿಂದ ಎಲ್ಲಿಗೆ ಕಳಿಸಿದೆ?”

“ಮಾತು ಏನೇ ಇರಲಿ ಗುರುಗಳೇ, ಶ್ರುತಿ ಶ್ರುತಿಯೇ. ಮೂವತ್ತೊಂದು ಜನ ಸರಿಯಾಗಿದ್ದಾರೆ. ಒಬ್ಬರು ಇಲ್ಲ. ನಾನೇನು ಮಾಡಲಿ?”

ಗುರುಗಳು ಒದ್ದೆ ಪಂಚೆಯ ಒಂದು ತುದಿಯನ್ನು ಅವನ ಕೈಗೆ ಕೊಟ್ಟರು. “ಇದನ್ನು ಹಿಂಡು.”

ಪಶುಪತಿ ತಿರುಚಿದ. ಅವನು ತಿರುಚಿದ ಕಡೆಗೇ ಗುರುಗಳೂ ತಮ್ಮ ತುದಿಯನ್ನು ತಿರುಗಿಸಿದರು. ಪಂಚೆ ಸುಮ್ಮನೆ ಉರುಳಿತು. ಅವನು ಇನ್ನೂ ಜೋರಾಗಿ ತಿರುಚಿದ. ಅವರೂ ಅಷ್ಟೇ ಜೋರಾಗಿ ತಿರುಗಿಸಿದರು. ಒಂದು ಹನಿ ಇಳಿಯಲಿಲ್ಲ.

“ನೀವೂ ಜೊತೆಗೇ ತಿರುಗಿಸಿದರೆ ಹೇಗೆ ಗುರುಗಳೇ? ಒಂದು ತುದಿ ತಿರುಗದೆ ನಿಲ್ಲಬೇಕು. ಆಗಲ್ಲವೇ ಹಿಂಡಲಿಕ್ಕೆ ಬರುವುದು?”

“ಓ, ಹಾಗೋ?” ಎಂದರು ಗುರುಗಳು. “ತಿರುಗದ ತುದಿಯೂ ಒಂದು ಬೇಕೋ?”

ಅವರು ತಮ್ಮ ತುದಿಯನ್ನು ಬಿಗಿಯಾಗಿ ಹಿಡಿದರು. ಪಶುಪತಿ ತಿರುಚಿದ. ನೀರು ಧಾರೆಯಾಗಿ ಇಳಿಯಿತು.

“ಚಿಕ್ಕರಂಗಯ್ಯನ ವಾದ್ಯಕ್ಕೆ ಎಷ್ಟು ಬಿರಡೆ?”

“ಊದುವ ವಾದ್ಯಕ್ಕೆ ತಂತಿ ಬಿಗಿಯುವ ಬಿರಡೆ ಎಲ್ಲಿಯದು?”

“ನಿನ್ನ ವೀಣೆಗೆ?”

“ಏಳು.”

“ಪಿಟೀಲಿಗೆ?”

“ನಾಲ್ಕು.”

“ಹತ್ತು ವೀಣೆ, ಹದಿನಾರು ಪಿಟೀಲು. ಲೆಕ್ಕ ನಿನಗೆ ಚೆನ್ನಾಗಿ ಬರುತ್ತದಲ್ಲ, ಹೇಳು.”

“ನೂರ ಮೂವತ್ತನಾಲ್ಕು.”

“ನೂರ ಮೂವತ್ತನಾಲ್ಕು ಬಿರಡೆ ಇಟ್ಟುಕೊಂಡವರು ಒಟ್ಟಾಗಿ, ಒಂದೂ ಇಲ್ಲದವನಿಗೆ ‘ನೀನು ತಿರುಗು’ ಅಂದಿರಾ?”

ಗುರುಗಳು ಪಂಚೆ ಕೊಡವಿ ಬಂಡೆಯ ಮೇಲೆ ಹರವಿ, ಮೆಟ್ಟಿಲು ಹತ್ತಿ ಹೋದರು.

ಪಶುಪತಿ ನೀರಿನಲ್ಲೇ ನಿಂತಿದ್ದ. ಹನ್ನೆರಡು ವರ್ಷ ಅವನು ಕಣ್ಣಾರೆ ಕಂಡದ್ದು ಈಗ ನೆನಪಿಗೆ ಬಂತು. ನಾಗಸ್ವರ ಒಂದು ಷಡ್ಜ ಊದುವವರೆಗೆ ಗುರುಗಳು ವೀಣೆ ಮುಟ್ಟುತ್ತಿರಲಿಲ್ಲ. ಅದು ಮಂಗಳವಾದ್ಯಕ್ಕೆ ಸಲ್ಲಿಸುವ ಮರ್ಯಾದೆ ಎಂದು ಅವನು ತಿಳಿದಿದ್ದ.

ಅವನು ನೆಟ್ಟಗೆ ದೇವಸ್ಥಾನದ ಹಿಂದಿನ ಬೀದಿಗೆ ನಡೆದ. ಚಿಕ್ಕರಂಗಯ್ಯನವರು ಮನೆಯ ಮುಂದೆ ಬಿಸಿಲಿಗೆ ಕೂತು ಪೀಪಿಯ ಗರಿ ಹೆರೆಯುತ್ತಿದ್ದರು. ತಲೆ ಎತ್ತಲಿಲ್ಲ.

“ತಪ್ಪು ನನ್ನದು, ರಂಗಯ್ಯನವರೇ.”

“ಎಷ್ಟು ತಪ್ಪು ಸ್ವಾಮಿ? ಕೂದಲೆಳೆಯಷ್ಟಾ?”

“ಇಲ್ಲ. ಒಂದು ಮನೆಯಷ್ಟು.”

ಚಿಕ್ಕರಂಗಯ್ಯನವರ ಕೈ ನಿಂತಿತು. ನಗು ತುಟಿಯ ತುದಿಗೆ ಬಂತು.

“ಒಂದು ಮನೆ ದೊಡ್ಡದಾಯ್ತು. ಅರ್ಧ ಮನೆ ಅಂತ ಇಟ್ಟುಕೊಳ್ಳಿ. ಕೂತ್ಕೊಳ್ಳಿ, ಕಾಫಿ ಕುಡಿದು ಹೋಗೋಣ.”

ಅಂದಿನ ಅಭ್ಯಾಸಕ್ಕೆ ಪಶುಪತಿ ಯಂತ್ರವನ್ನು ಕಪಾಟಿನಲ್ಲಿಟ್ಟು ಬಂದ.

“ಇನ್ನು ರಂಗಯ್ಯನವರು ಷಡ್ಜ ಊದುತ್ತಾರೆ. ನಾವು ಅದಕ್ಕೆ ಶ್ರುತಿ ಸೇರಿಸಿಕೊಳ್ಳೋಣ.”

ಹಿರಿಯ ಪಿಟೀಲುವಾದಕಿ ಲಲಿತಾಂಬ ಕಮಾನನ್ನು ಮಡಿಲಿಗೆ ಹಾಕಿಕೊಂಡರು.

“ಮೂವತ್ತೊಂದು ಜನ ಒಬ್ಬರಿಗಾಗಿ ಇಳೀಬೇಕೇನಪ್ಪ?”

“ಗುರುಗಳ ಕಾಲದಲ್ಲಿ ಹಾಗೇ ಇತ್ತಲ್ಲಮ್ಮ.”

“ಆಗ ಯಂತ್ರ ಇರಲಿಲ್ಲ. ಈಗ ಇದೆ. ನೀನೇ ತಂದಿದ್ದು.”

“ಈಗಲೂ ಇದೆ. ಅದಕ್ಕೆ ನುಡಿಸಲು ಬರುವುದಿಲ್ಲ, ಅಷ್ಟೆ.”

“ನಿನ್ನೆ ಇದನ್ನ ಯಾರಾದರೂ ಹೇಳಿದ್ದರೆ ಜಗಲಿಗೆ ಕಳಿಸ್ತಿದ್ದೆ ನೀನು!”

“ಹೌದಮ್ಮ. ಕಳಿಸುತ್ತಿದ್ದೆ.”

ಪಶುಪತಿ ಎಲ್ಲರ ಎದುರಿಗೆ ತನ್ನ ವೀಣೆಯ ಮೊದಲ ಬಿರಡೆಯನ್ನು ಸಡಿಲಿಸಿದ. ಚಿಕ್ಕರಂಗಯ್ಯನವರು ಉಸಿರು ತುಂಬಿಕೊಂಡು ಊದಿದರು. ಅವನು ಕಣ್ಣು ಮುಚ್ಚಿ, ತಂತಿಯನ್ನು ಇಳಿಸುತ್ತಾ ಇಳಿಸುತ್ತಾ ಆ ಸ್ವರದ ಪಕ್ಕಕ್ಕೆ ತಂದ. ಇನ್ನೊಂದಿಷ್ಟು. ಎರಡೂ ಒಂದಾದವು.

ಲಲಿತಾಂಬ ಅದನ್ನು ಕೇಳಿದರು. ಪಿಟೀಲು ಎತ್ತಿಕೊಂಡರು. ಘಟದವರು ಒಳಬಾಯಿಗೆ ಜೇಡಿಮಣ್ಣು ಮೆತ್ತಿದರು. ಮೃದಂಗದವರು ತಟ್ಟಿ ತಟ್ಟಿ ಇಳಿಸಿದರು. ಮೂವತ್ತೆರಡೂ ಸೇರಿದಾಗ ಕಿಟಕಿಯ ಗಾಜು ಝುಂ ಎಂದಿತು. ಮೂವತ್ತೊಂದಿದ್ದಾಗ ಎಲ್ಲ ಸರಿಯಿತ್ತು. ಗಾಜು ಮಾತ್ರ ಸುಮ್ಮನಿತ್ತು.

ವಿಜಯದಶಮಿ ಬಂತು. ಮೆಟ್ಟಿಲುಗಳ ತುಂಬ ಜನ, ಆಚೆ ದಡದಲ್ಲೂ ಜನ. ಮುಂದಿನ ಸಾಲಿನಲ್ಲಿ ಆರೂ ಊರುಗಳಿಂದ ಬಂದವರು ಎಲೆಅಡಿಕೆ ಮೆಲ್ಲುತ್ತಾ ಕೂತಿದ್ದರು. ವೃಂದವನ್ನು ತಮ್ಮೂರಿಗೆ ಕರೆಸುವವರು ಅವರೇ. ಗುರುಗಳು ಅವರ ಹಿಂದೆ ಕಂಬಕ್ಕೆ ಒರಗಿ ಕೂತಿದ್ದರು.

ಮೊದಲೆರಡು ಕೃತಿ ನೀರಿನಂತೆ ಹರಿದವು. ಮೂರನೆಯದು ಮುಗಿಯುವ ಹೊತ್ತಿಗೆ ನದಿಯ ಕಡೆಯಿಂದ ತಣ್ಣನೆ ಗಾಳಿ ಎದ್ದಿತು.

ಪಶುಪತಿಗೆ ಅದು ಮೊದಲು ಚರ್ಮಕ್ಕೆ ತಿಳಿಯಿತು, ಆಮೇಲೆ ಕಿವಿಗೆ. ತಂಪಿಗೆ ತಂತಿಗಳು ಶ್ರುತಿಯಿಂದ ಜರುಗಿದ್ದವು. ವೀಣೆ ಒಂದು ಕಡೆಗೆ, ಪಿಟೀಲು ಇನ್ನೊಂದು ಕಡೆಗೆ. ಲಲಿತಾಂಬ ಓರೆಗಣ್ಣಿನಲ್ಲಿ ಅವನನ್ನು ನೋಡಿದರು. ಮುಂದಿನ ಸಾಲಿನಲ್ಲಿ ಒಬ್ಬರು ಮೆಲ್ಲುವುದನ್ನು ನಿಲ್ಲಿಸಿದರು.

ಮುಂದಿನದು ಹತ್ತು ವೀಣೆಗಳ ರಚನೆ. ಅವನೇ ಹೆಣೆದದ್ದು, ಇಪ್ಪತ್ತು ನಿಮಿಷದ್ದು. ಈಗಲೇ ನುಡಿಸಿದರೆ ಅಪಸ್ವರ. ಎಲ್ಲ ನಿಲ್ಲಿಸಿ ಶ್ರುತಿ ಮಾಡಿಕೊಳ್ಳುತ್ತಾ ಕೂತರೆ ಜನ ಎದ್ದು ಹೋಗುತ್ತಾರೆ. ಹೇಗೂ ಆರೂ ಊರು ಕೈತಪ್ಪಿದಂತೆಯೇ.

ಅವನು ವೀಣೆಯನ್ನು ಕೆಳಗಿಟ್ಟ. ಎದ್ದು ಮೂರು ಸಾಲು ದಾಟಿ ಹಿಂದಕ್ಕೆ ನಡೆದ. ಕಡೆಯ ಸಾಲಿನಲ್ಲಿ ಚಿಕ್ಕರಂಗಯ್ಯನವರು ಕೂತಿದ್ದರು. ಗೋಡೆಯ ಮೇಲಿನ ಪಟ್ಟಿಯಲ್ಲಿ ಆ ಸಂಜೆ ಅವರಿಗೆ ಬರೆದದ್ದು ಕೊನೆಯಲ್ಲಿ ಎಂಟು ಆವರ್ತ.

“ಮುಂದೆ ಬನ್ನಿ ರಂಗಯ್ಯನವರೇ. ಪೂರ್ವಿಕಲ್ಯಾಣಿ ರಾಗ. ನೀವೊಬ್ಬರೇ.”

“ವೀಣೆಯದ್ದು?”

“ಅದು ಇವತ್ತು ಬೇಡ.”

ಚಿಕ್ಕರಂಗಯ್ಯನವರು ಅವನ ಮುಖ ನೋಡಿದರು. ಅವರಿಗೂ ಕಿವಿ ಇತ್ತು.

“ಎಷ್ಟು ಹೊತ್ತು ಸ್ವಾಮಿ?”

“ನಾವೆಲ್ಲ ನಿಮ್ಮ ಹತ್ತಿರ ಬಂದು ಸೇರುವವರೆಗೆ.”

ಅವರನ್ನು ತನ್ನ ಚಾಪೆಯ ಮೇಲೆ ಕೂರಿಸಿ, ಪಶುಪತಿ ವೀಣೆ ಎತ್ತಿಕೊಂಡು ಪಕ್ಕದ ಬರಿಗಲ್ಲಿನ ಮೇಲೆ ಕೂತ.

ನಾಗಸ್ವರ ಎದ್ದಿತು. ಗಾಳಿ ಅದನ್ನು ಹೊತ್ತುಕೊಂಡು ಆಚೆ ದಡಕ್ಕೆ ಹೋಗಿ ಮುಟ್ಟಿಸಿತು. ರಂಗಯ್ಯನವರಿಗೆ ಯಾವ ಅವಸರವೂ ಇರಲಿಲ್ಲ. ಒಂದೊಂದು ಸ್ವರವನ್ನೂ ದೇವರಿಗೆ ಹೂ ಏರಿಸುವಂತೆ ಏರಿಸಿದರು. ಎಲ್ಲಿ ಸುತ್ತಿದರೂ ತಿರುಗಿ ಷಡ್ಜಕ್ಕೆ ಬಂದು ನಿಲ್ಲುತ್ತಿದ್ದರು. ನಿಂತಾಗಲೆಲ್ಲ ಬಹಳ ಹೊತ್ತು ನಿಲ್ಲುತ್ತಿದ್ದರು.

ಜನರ ಕಣ್ಣೆಲ್ಲ ಅವರ ಮೇಲಿತ್ತು. ಅವರ ಸುತ್ತ ಮೂವತ್ತೊಂದು ತಲೆಗಳು ಮೆಲ್ಲನೆ ವಾದ್ಯಗಳ ಮೇಲೆ ಬಾಗಿದ್ದವು. ಬಿರಡೆಗಳು ಸದ್ದಿಲ್ಲದೆ ತಿರುಗುತ್ತಿದ್ದವು. ಅದನ್ನು ಯಾರೂ ನೋಡಲಿಲ್ಲ.

ಮೊದಲು ಲಲಿತಾಂಬ ಕಣ್ಣೆತ್ತಿ ತಲೆದೂಗಿದರು. ಆಮೇಲೆ ಪಿಟೀಲಿನ ಸಾಲು, ವೀಣೆಯ ಸಾಲು. ಕಡೆಗೆ ಘಟದವರು.

ಪಶುಪತಿ ಕೈ ಎತ್ತಿದ. ರಂಗಯ್ಯನವರು ತಾರಷಡ್ಜಕ್ಕೆ ಏರಿ ನಿಂತರು. ಅವನ ಕೈ ತಂತಿಯ ಮೇಲೆ ಇಳಿಯಿತು.

ಮೂವತ್ತೊಂದು ವಾದ್ಯಗಳು ಒಂದೇ ಏಟಿಗೆ ಆ ಸ್ವರದ ಮೇಲೆ ಬಂದು ಬಿದ್ದವು.

ಮೆಟ್ಟಿಲುಗಳು ಅದುರಿದವು ಎಂದು ಆಮೇಲೆ ಜನ ಹೇಳಿಕೊಂಡರು. ಮುಂದಿನ ಸಾಲಿನವರು ಎದ್ದು ನಿಂತಿದ್ದಂತೂ ನಿಜ. ಅವರ ಹಿಂದಿನವರೂ ಎದ್ದರು. ಆಚೆ ದಡದವರು ಕೂಗಿದ್ದು ಈಚೆಗೆ ಕೇಳಿಸಿತು. ಆಮೇಲಿನ ಒಂದು ಗಂಟೆ ಯಾರೂ ಕೂರಲಿಲ್ಲ, ಯಾರೂ ಹೋಗಲಿಲ್ಲ. ಗೋಡೆಯ ಪಟ್ಟಿಯನ್ನು ಯಾರೂ ನೆನೆಯಲಿಲ್ಲ.

ಕೊನೆಯ ಚಪ್ಪಾಳೆ ಮುಗಿದ ಮೇಲೆ ಆರೂ ಊರಿನವರು ಗುರುಗಳನ್ನು ಮುತ್ತಿಕೊಂಡರು.

“ಮೊದಲು ನಮ್ಮೂರಿಗೆ ಕಳಿಸಬೇಕು ಸ್ವಾಮೀ!”

“ಅದ್ಹೇಗಾಗುತ್ತೆ? ಕಾರ್ತಿಕಕ್ಕೆ ನಮ್ಮಲ್ಲಿ ಎಲ್ಲ ತಯಾರಾಗಿದೆ!”

“ನನ್ನನ್ನು ಏಕೆ ಕೇಳುತ್ತೀರಿ? ವೃಂದವನ್ನು ಕರೆದುಕೊಂಡು ಬರುವವನು ಅಗೋ ಅಲ್ಲಿದ್ದಾನೆ,” ಎಂದು ಗುರುಗಳು ಪಶುಪತಿಯ ಕಡೆಗೆ ಕೈ ತೋರಿಸಿದರು.

ಜನ ಅತ್ತ ನುಗ್ಗಿದರು. ಲಲಿತಾಂಬ ಅವನ ಬೆನ್ನಿಗೊಂದು ಗುದ್ದು ಕೊಟ್ಟರು. “ಇನ್ನು ನಮ್ಮನ್ನ ಆರು ಊರಿನ ಜಗಲಿ ಮೇಲೆ ಕೂರಿಸ್ತೀಯ ಅನ್ನು!” ಚಿಕ್ಕರಂಗಯ್ಯನವರು ವಾದ್ಯ ಒರೆಸುತ್ತಾ ನಗುತ್ತಿದ್ದರು.

ಗುಂಪು ತೆಳುವಾದ ಮೇಲೆ ಪಶುಪತಿ ಗುರುಗಳ ಬಳಿಗೆ ಬಂದ. ಅವನ ಮುಖ ಇನ್ನೂ ಬೆಳಗುತ್ತಿತ್ತು. ಈ ಸಲ ಕಾಲಿಗೆ ಬಿದ್ದಾಗ ಗುರುಗಳು ತಡೆಯಲಿಲ್ಲ.

“ಗುರುಗಳೇ, ನಿಮ್ಮ ಬಾಯಿಂದ ಒಂದು ಮಾತು ಕೇಳಬೇಕು. ನನ್ನ ಕಛೇರಿ ಹೇಗಿತ್ತು?”

ಅಪ್ರಮೇಯರು ಅವನ ತಲೆಯ ಮೇಲೆ ಕೈಯಿಟ್ಟರು.

“ಬಹಳ ಚೆನ್ನಾಗಿತ್ತು, ಮಗು. ಅದು ನಿನ್ನದು ಅಂತ ಯಾರಿಗೂ ಗೊತ್ತಾಗಲಿಲ್ಲ.”