ಹೂಂ ಅನ್ನದ ರಾಜಕುಮಾರಿ

ಹೂಂ ಅನ್ನಿ ಮಕ್ಕಳೇ, ಆಮೇಲೆ ಶುರು ಮಾಡ್ತೀನಿ. ಹಿಂದೆ ಕೂತವರೂ ಅನ್ನಿ. ಆಂ, ಹಾಗೆ.

ಒಂದು ರಾಜ್ಯ ಇತ್ತು. ಆ ರಾಜ್ಯಕ್ಕೆ ಒಬ್ಬ ರಾಜ. ರಾಜನಿಗೆ ಒಬ್ಬಳೇ ಮಗಳು, ಮುದ್ದಾಜಮ್ಮಣ್ಣಿ. ಮೂಗು ಮುಖ ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ. ಬಾಯಿ ಮಾತ್ರ ಬಾಗಿಲಿಲ್ಲದ ಮನೆ. ಯಾವಾಗ ನೋಡಿದರೂ ತೆರೆದೇ ಇರೋದು.

ಆ ರಾಜ್ಯದಲ್ಲಿ ಒಂದು ಪದ್ಧತಿ. ರಾಜನ ಮುಂದೆ ದೂರು ಹೇಳುವವರು ಒಬ್ಬರೇ ಹೋಗೋ ಹಾಗಿಲ್ಲ. ಪಕ್ಕದಲ್ಲಿ ಹೂಂಗುಟ್ಟುವ ಒಬ್ಬರು ನಿಲ್ಲಬೇಕು. ಊರವರ ದೂರಿಗೆ ಅರಮನೆಯವರು ಹೂಂಗುಟ್ಟಬೇಕು. ಅರಮನೆಯವರ ದೂರಿಗೆ ಊರವರು. ಒಂದು ಮಾತಿಗೆ ಒಂದು ಹೂಂ. ಹೂಂ ತಪ್ಪಿತೋ, ನಡುವೆ ಬೇರೆ ಮಾತು ತೂರಿತೋ, ಗಂಟೆ ಬಾರಿಸಿಬಿಡೋರು. ದೂರು ತಂದವರ ಬಾಯಿ ಮತ್ತೆಂದೂ ರಾಜನ ಮುಂದೆ ದೂರು ಹೇಳೋ ಹಾಗಿಲ್ಲ. ತನ್ನ ಮಾತಿಗೆ ಕಿವಿ ಕೊಡುವ ಒಬ್ಬ ಸ್ನೇಹಿತನನ್ನೂ ಸಂಪಾದಿಸದವನಿಗೆ ರಾಜ ಯಾಕೆ ಕಿವಿ ಕೊಡಬೇಕು ಅಂತ ಹಿಂದಿನವರ ಯೋಚನೆ.

ರಾಜಕುಮಾರಿಗೆ ಮೂವರು ಗೆಳತಿಯರು. ಹೂವಿನ ಮನೆ ತಿರುಮಲಿ. ಕುಂಬಾರರ ಸಣ್ಣಮ್ಮ. ಗಾಣದ ಮನೆ ಕೆಂಪಾಜಿ. ಸಂಜೆಯಾದರೆ ನಾಲ್ವರೂ ಅರಮನೆ ಜಗಲಿ ಮೇಲೆ ಸೇರೋರು. ಸೇರೋದು ನಾಲ್ವರು, ಮಾತಾಡೋದು ಒಬ್ಬಳು.

ಹೀಗಿರುವಾಗ ರಾಣಿಯ ಅಡ್ಡಿಕೆ ಕಳುವಾಯಿತು. ಕತ್ತಿಗೆ ಹಾಕೋ ಬಂಗಾರದ ಅಡ್ಡಿಕೆ. ತಪ್ಪು ಯಾರ ತಲೆಗೆ ಬಂತು? ಅರಮನೆಗೆ ದೀಪದ ಎಣ್ಣೆ ಹೊರುತ್ತಿದ್ದ ಹಲಗಯ್ಯನ ತಲೆಗೆ. ಇವನು ಕೆಂಪಾಜಿಯ ಅಪ್ಪ. ಪಾಪದವನು, ಎಣ್ಣೆ ಬಿಟ್ಟು ಬೇರೇನೂ ಮುಟ್ಟಿದವನಲ್ಲ. ಹಿಡಿದು ಕತ್ತಲೆ ಕೋಣೆಗೆ ಹಾಕಿದರು. ಅಮಾವಾಸ್ಯೆಗೆ ಹೊಳೆಯಾಚೆ ಮುಳ್ಳುಕಾಡಿಗೆ ಅಟ್ಟೋದು ಅಂತ ಡಂಗುರ ಸಾರಿದರು.

ನಿಜವಾದ ಕಳ್ಳನನ್ನು ಕಂಡವಳು ಕೆಂಪಾಜಿ ಒಬ್ಬಳೇ. ರಾಜನಿಗೆ ಹೇಳಬೇಕು. ಹೇಳೋಕೆ ಅರಮನೆಯ ಹೂಂ ಬೇಕು. ಅರಮನೆಯಲ್ಲಿ ಅವಳಿಗಿದ್ದ ಗೆಳತಿ ಒಬ್ಬಳೇ.

ಮೊದಲನೆಯ ಸಂಜೆ ಕೆಂಪಾಜಿ ಅಂದಳು, "ಅಮ್ಮಣ್ಣಿ, ನಮ್ಮಪ್ಪನ್ನ..."

"ಅಪ್ಪ ಅಂದ್ಯಲ್ಲ, ಜ್ಞಾಪಕ ಬಂತು! ನಮ್ಮ ಅಪ್ಪಾಜಿ ಹೊಸ ಜಡೆಬಿಲ್ಲೆ ಮಾಡಿಸಿದಾರೆ ಕಣೇ. ನೋಡು ನೋಡು!"

ಎರಡನೆಯ ಸಂಜೆ ಅಂದಳು, "ಅಮ್ಮಣ್ಣಿ, ರಾತ್ರಿಯೆಲ್ಲ ಕಣ್ಣಿಗೆ ನಿದ್ದೆ ಹತ್ತಲಿಲ್ಲ..."

"ನಿಂದೇನು ಮಹಾ? ನನ್ನ ಹಾಸಿಗೆ ಎಷ್ಟು ಚುಚ್ಚುತ್ತೆ ಗೊತ್ತಾ? ನಾನು ಹೇಳ್ಕೋತೀನಾ?"

ಮೂರನೆಯ ಸಂಜೆ ಕೆಂಪಾಜಿ ಗಳಗಳ ಅತ್ತಳು.

"ಅಯ್ಯೋ, ಅಳುವಾಗ ಇವಳ ಮೂಗು ನೋಡ್ರೇ! ಥೇಟ್ ಬದನೆಕಾಯಿ!" ಅಂತ ರಾಜಕುಮಾರಿ ಬಿದ್ದು ಬಿದ್ದು ನಕ್ಕಳು. ರಾಜನ ಮಗಳು ನಕ್ಕ ಮೇಲೆ ಮಿಕ್ಕ ಇಬ್ಬರೂ ನಗಲೇಬೇಕಲ್ಲ, ನಕ್ಕರು.

ಕೊನೆಗೆ ಕೆಂಪಾಜಿ ಅವಳ ಕಾಲು ಹಿಡಿದು, ಹೂಂಗುಟ್ಟೋಕೆ ಬಾ ಅಂತ ಬೇಡಿದಳು. "ಹೂಂ ಅನ್ನೋದು ತಾನೇ? ಅದೇನು ಬೆಟ್ಟ ಹೊರೋ ಕೆಲಸವೇ? ಬರ್ತೀನಿ ಬಿಡು" ಅಂದಳು ಮಹಾರಾಯ್ತಿ.

ಅಮಾವಾಸ್ಯೆ ಹಿಂದಿನ ದಿನ ಇಬ್ಬರೂ ರಾಜನ ಮುಂದೆ ನಿಂತರು.

"ಬುದ್ಧಿ, ಅವತ್ತು ಅಪ್ಪನ ಬದಲು ನಾನು ಎಣ್ಣೆ ತಂದೆ."

"ಹೂಂ."

"ರಾಣಿಯವರ ಕೋಣೆ ಬಾಗಿಲು ತೆರೆದಿತ್ತು."

"ಹೂಂ."

"ಒಳಗಿಂದ ಒಬ್ಬರು ಬಂದರು. ಅವರು ಯಾರು ಅಂದ್ರೆ..."

ರಾಜಕುಮಾರಿಗೆ ಬಾಯಿ ಕಡಿಯಿತು. "ಆ ಬಾಗಿಲ ಸುದ್ದಿ ನಾನು ಹೇಳಬೇಕು ಅಪ್ಪಾಜಿ! ಮೊನ್ನೆ ನನ್ನ ಹೊಸ ಸೀರೆ ಸೆರಗು ಅದರ ಚಿಲಕಕ್ಕೇ ಸಿಕ್ಕಿ ಪರ್ರಂತ ಹರೀತು!"

ಢಣ್ ಅಂತ ಗಂಟೆ ಬಿತ್ತು.

ಕೆಂಪಾಜಿಯ ಬಾಯಿ ತೆರೆದದ್ದು ತೆರೆದ ಹಾಗೇ ಉಳಿಯಿತು. ರಾಜ ತಲೆ ತಗ್ಗಿಸಿದ. "ನಿನ್ನ ಬಾಯಿಯ ದೂರು ಮುಗೀತಮ್ಮಾ" ಅಂದ.

ಮಾರನೆಯ ದಿನ ಹಲಗಯ್ಯನ ಹೆಗಲಿಗೆ ಒಂದು ಕಂಬಳಿ ಹಾಕಿ ಹೊಳೆ ದಾಟಿಸಿದರು. ಅವನು ಮೂರು ಸಲ ತಿರುಗಿ ನೋಡಿದ. ಆಮೇಲೆ ಮುಳ್ಳುಮರಗಳು ಅವನನ್ನು ನುಂಗಿದವು. ಕೆಂಪಾಜಿ ಮನೆಗೆ ಬಂದಳು. ಗಾಣ ನಿಂತಿತು. ಅವಳ ಮಾತೂ ನಿಂತಿತು. "ಇಷ್ಟಕ್ಕೆಲ್ಲ ಮುಖ ಊದಿಸ್ಕೊಂಡು ಕೂರ್ತಾರಾ?" ಅಂತ ರಾಜಕುಮಾರಿ ಮೂಗು ಮುರಿದಳು.

ಹೂಂ ಅನ್ನಿ. ನಿದ್ದೆ ಬಂತಾ?

ಮುಂದಿನ ವರ್ಷ ರಾಜ ಮಗಳಿಗೆ ಗಂಡು ಗೊತ್ತು ಮಾಡಿದ. ಯಾರು ಅಂತೀರಿ? ಗುಡ್ಡದಾಚೆ ಸೀಮೆಯ ಮುದಿ ಅರಸು. ಬೆಳಗ್ಗೆ ಎದ್ದರೆ ಮಾತು, ಉಣ್ಣುವಾಗ ಮಾತು, ನಿದ್ದೆಯಲ್ಲೂ ಮಾತು. ಮೂವರು ಹೆಂಡಿರೂ ಅವನ ಮಾತು ಕೇಳೀ ಕೇಳೀ ಸೊರಗಿ ಸತ್ತರಂತೆ. ಈಗ ನಾಲ್ಕನೆಯವಳು ಬೇಕಾಗಿದ್ದಳು ಆ ಮಹಾನುಭಾವನಿಗೆ.

ರಾಜಕುಮಾರಿ ಧಡಕ್ಕನೆ ಎದ್ದಳು. "ಅಪ್ಪಾಜಿ ಮುಂದೆ ದೂರು ಹೇಳ್ತೀನಿ, ಈ ಮದುವೆ ಒಲ್ಲೆ ಅಂತೀನಿ" ಅಂದಳು. ಅವಳನ್ನು ಸಾಕಿದ ದಾಸಿ ಲಿಂಗಜ್ಜಿ ಓಡಿ ಬಂದಳು.

"ತಾಯೀ, ಹೋಗೋ ಮುಂಚೆ ಕೇಳು. ಒಂದು ಬಾಯಿಗೆ..."

"ಗೊತ್ತು ಬಿಡಜ್ಜಿ! ಊರವರೊಬ್ಬರು ಹೂಂಗುಟ್ಟಬೇಕು, ಅಷ್ಟೇ ತಾನೇ?"

ಹೊರಟಳು ತಿರುಮಲಿಯ ಮನೆಗೆ. "ತಿರುಮಲೀ, ನನಗೆ ಮುದುಕನ್ನ..." ಅನ್ನೋದರೊಳಗೆ ತಿರುಮಲಿ, "ಮುದುಕ ಅಂದ್ಯಲ್ಲ, ನಮ್ಮ ತಾತನಿಗೆ ಮೊನ್ನೆಯಿಂದ ಒಂದೇ ಸಮ ಕೆಮ್ಮು ಕಣಮ್ಮಣ್ಣಿ!" ಅಂತ ತಾತನ ಕೆಮ್ಮು, ಕಷಾಯ, ಕಫ ಎಲ್ಲಾ ಒಪ್ಪಿಸಿದಳು. ಕಲಿಸಿದವಳು ಇವಳೇ ಅಲ್ಲವೇ?

"ತಾಯೀ, ಈಗಲಾದರೂ ಕೇಳು. ಒಂದು ಬಾಯಿಗೆ..."

"ಗೊತ್ತಜ್ಜಿ, ಗೊತ್ತು!"

ಹೋದಳು ಸಣ್ಣಮ್ಮನ ಮನೆಗೆ. ಬಾಗಿಲಲ್ಲೇ ಅತ್ತಳು. ಸಣ್ಣಮ್ಮ ಮಡಕೆ ತಟ್ಟುತ್ತಾ ತಲೆ ಎತ್ತಿ ನೋಡಿದಳು. "ಅರಮನೆ ಮೂಗೂ ಅಳುವಾಗ ಬದನೆಕಾಯಿನೇ ಆಗುತ್ತೆ ಅಂತ ನನಗೆ ಗೊತ್ತೇ ಇರಲಿಲ್ಲ" ಅಂದಳು.

ಉಳಿದದ್ದು ಕೆಂಪಾಜಿಯ ಬಾಗಿಲು. ಹೊಸ್ತಿಲ ಹತ್ತಿರ ಲಿಂಗಜ್ಜಿ ಮತ್ತೆ ಸೆರಗು ಹಿಡಿದಳು. "ಒಂದು ಬಾಯಿಗೆ, ತಾಯೀ..."

"ಎಷ್ಟು ಸಲ ಹೇಳ್ತೀಯಜ್ಜಿ? ಗೊತ್ತು ಅಂದ್ನಲ್ಲ!" ಅಂತ ಕೊಸರಿಕೊಂಡು ಒಳಗೆ ನುಗ್ಗಿದಳು. ಕೆಂಪಾಜಿ ತಣ್ಣಗಿದ್ದ ಗಾಣಕ್ಕೆ ಒರಗಿ ಕೂತಿದ್ದಳು. ವರ್ಷದ ಮೇಲೆ ಬಾಯಿ ಬಿಟ್ಟಳು.

"ಹೂಂಗುಟ್ಟೋಕೆ ಬರ್ತೀನಿ. ಆದರೆ ನಮ್ಮಪ್ಪನ ಕಥೆ ಮೊದಲು ನಿನ್ನ ಬಾಯಲ್ಲಿ ರಾಜರ ಮುಂದೆ ಬರಬೇಕು. ಹೇಳ್ತೀನಿ, ಕೂತ್ಕೊಂಡು ಪೂರ್ತಿ ಕೇಳು. ನಡುವೆ ಬಾಯಿ ಹಾಕಿದರೆ ಮತ್ತೆ ಮೊದಲಿಂದ."

ರಾಜಕುಮಾರಿ ಕೂತಳು. ಮೊದಲನೇ ಸಲ ಬಾಗಿಲ ತನಕ ಕೇಳಿ ಬಾಯಿ ಹಾಕಿದಳು. ಮತ್ತೆ ಮೊದಲಿಂದ. ಎರಡನೇ ಸಲ ಕಳ್ಳನ ಹೆಸರು ಕೇಳಿ, "ಅಯ್ಯೋ, ಅವರಾ!" ಅಂತ ಚೀರಿದಳು. ಮತ್ತೆ ಮೊದಲಿಂದ. ಮೂರನೇ ಸಲ ಸೆರಗನ್ನು ಉಂಡೆ ಮಾಡಿ ಹಲ್ಲಲ್ಲಿ ಕಚ್ಚಿಕೊಂಡಳು. ಕೊನೆಯವರೆಗೂ ಕೇಳಿದಳು. ಅಪ್ಪ ತಿರುಗಿ ತಿರುಗಿ ನೋಡಿದ್ದು ಕೇಳಿದಳು. ಮುಗಿದ ಮೇಲೆ ಅವಳಿಗೆ ಹೇಳೋಕೆ ಏನೂ ಇರಲಿಲ್ಲ. ಹುಟ್ಟಿದಾಗಿನಿಂದ ಅದೇ ಮೊದಲು.

ಮಾರನೆಯ ದಿನ ರಾಜನ ಮುಂದೆ ರಾಜಕುಮಾರಿ ಹೇಳಿದಳು, ಕೆಂಪಾಜಿ ಹೂಂಗುಟ್ಟಿದಳು. ಕಳ್ಳ ಯಾರು ಅಂತೀರಿ? ರಾಣಿಯ ಒಡಹುಟ್ಟಿದ ತಮ್ಮ, ಗೋಪಾಲರಾಜ! ಹಣೆ ತುಂಬ ನಾಮ ಹಾಕಿಕೊಂಡು ಓಡಾಡುತ್ತಿದ್ದವನು! ಅಡ್ಡಿಕೆ ಕದ್ದು ಆಚೆ ಬೀದಿಯ ಒಬ್ಬಳ ಕತ್ತಿಗೆ ಕಟ್ಟಿದ್ದ. ಅವಳು ಅವನಿಗೆ ಏನಾಗಬೇಕು ಅಂತ ಕೇಳಬೇಡಿ, ದೊಡ್ಡವರು ಬೇಕಾದರೆ ಆಮೇಲೆ ಒಬ್ಬೊಬ್ಬರೇ ಬನ್ನಿ, ಹೇಳ್ತೀನಿ. ಸೇವಕರು ಹೋಗಿ ನೋಡಿದರೆ ಅಡ್ಡಿಕೆ ಆ ಕತ್ತಲ್ಲೇ ತೂಗುತ್ತಿತ್ತು. ಗೋಪಾಲರಾಜನನ್ನು ಹೊಳೆ ದಾಟಿಸಿದರು. ಹಲಗಯ್ಯನನ್ನು ಕರೆತರಲು ಕುದುರೆ ಓಡಿತು.

"ಅಪ್ಪಾಜಿ, ಇನ್ನು ನನ್ನ ದೂರು. ಈ ಮದುವೆ..." ಅಂದಳು ರಾಜಕುಮಾರಿ. ಕೆಂಪಾಜಿ ಪಕ್ಕದಲ್ಲೇ ನಿಂತಿದ್ದಳು.

ಢಣ್ ಅಂತ ಗಂಟೆ ಬಿತ್ತು.

ರಾಜನ ಮುಖ ಕಪ್ಪಿಟ್ಟಿತು. "ನಿನ್ನ ಬಾಯಿಯ ದೂರು ಮುಗೀತಲ್ಲ ಮಗಳೇ. ಅರ್ಧಕ್ಕೆ ನಿಂತರೂ ಅಷ್ಟೇ, ಪೂರ್ತಿಯಾದರೂ ಅಷ್ಟೇ. ಒಂದು ಬಾಯಿಗೆ ಆಯುಷ್ಯದಲ್ಲಿ ಒಂದೇ ದೂರು."

ರಾಜಕುಮಾರಿ ಗರಬಡಿದವಳಂತೆ ಲಿಂಗಜ್ಜಿಯ ಕಡೆ ತಿರುಗಿದಳು.

"ಮೂರು ಸಲ ಹೇಳೋಕೆ ಬಂದೆ ತಾಯೀ" ಅಂದಳು ಅಜ್ಜಿ. "ಮೂರು ಸಲವೂ ಗೊತ್ತು ಅಂದೆ."

ಕೆಂಪಾಜಿಗೆ ಗೊತ್ತಿತ್ತಾ? ಗೊತ್ತಿತ್ತು. ಸಗಣಿ ಹೊರುವವರಿಗೂ ಗೊತ್ತಿದ್ದ ಕಟ್ಟಳೆ ಅದು. ರಾಜನ ಮಗಳಿಗೆ ಮಾತ್ರ ಯಾರೂ ಪೂರ್ತಿ ಹೇಳೋಕೆ ಆಗಿರಲಿಲ್ಲ.

ಮದುವೆ ಆಯಿತು. ಪಲ್ಲಕ್ಕಿ ಹೊರಟ ದಿನವೇ ಕುದುರೆಯವನು ಮುಳ್ಳುಕಾಡಿನಿಂದ ಬಂದ. ಹಲಗಯ್ಯ ಬರಲಿಲ್ಲ. ಕಂಬಳಿ ಬಂತು. ಅದರ ತುಂಬ ಮುಳ್ಳು. ಕೆಂಪಾಜಿ ದಾರಿಯಲ್ಲೇ ಕೂತು ಒಂದೊಂದೇ ಮುಳ್ಳು ಕೀಳತೊಡಗಿದಳು. ಪಲ್ಲಕ್ಕಿ ಅವಳ ಪಕ್ಕ ಬಂದು ನಿಂತಿತು. ಪರದೆ ಸರಿಯಿತು.

"ಅಪ್ಪ ಇನ್ನಿಲ್ಲವಂತೆ" ಅಂದಳು ಕೆಂಪಾಜಿ.

"ಹೂಂ" ಅಂದಳು ರಾಜಕುಮಾರಿ.

"ಚಳಿಗೆ ಹೋದರಂತೆ."

"ಹೂಂ."

ಪರದೆ ಮುಚ್ಚಿತು, ಪಲ್ಲಕ್ಕಿ ಗುಡ್ಡ ಹತ್ತಿತು. ಅಲ್ಲಿ ಆ ಮುದುಕ ಇವತ್ತಿಗೂ ಮಾತಾಡುತ್ತಲೇ ಇದ್ದಾನಂತೆ. ಇವಳು ಕೂತು ಹೂಂಗುಟ್ಟುತ್ತಲೇ ಇದ್ದಾಳಂತೆ.

ಅದಕ್ಕೇ ಹೇಳೋದು ಮಕ್ಕಳೇ. ಗೆಳತಿ ಬಾಯಿ ತೆರೆದಾಗ ನೀವು ಮುಚ್ಚಿ. ಅವಳ ಮಾತಿನ ಮೇಲೆ ನಿಮ್ಮ ಮಾತು ಹೇರಬೇಡಿ. ಅವಳ ಸಂಕಟಕ್ಕಿಂತ ನಿಮ್ಮದು ದೊಡ್ಡದು ಅಂತ ಅಳೆದು ತೋರಿಸಬೇಡಿ. ಅಳುವವರನ್ನು ನೋಡಿ ನಗಬೇಡಿ. ಹೊತ್ತಿಗೆ ಸರಿಯಾಗಿ ಅನ್ನದ ಹೂಂ ಹೊತ್ತು ಮೀರಿದ ಮೇಲೆ ಯಾರನ್ನೂ ಬದುಕಿಸಲ್ಲ.

ಏನ್ರೋ, ಯಾರೂ ಹೂಂ ಅಂತಲೇ ಇಲ್ಲ?