ಬರೀ ಮುಲಾಮು

"ಮೇಡಂ, ಎರಡು ವರ್ಷ ನಿಮ್ಮ ಪ್ರಯೋಗಾಲಯದಲ್ಲಿ ದುಡಿದಿದ್ದೇನೆ. ನನಗೆ ಏನು ಬರುತ್ತದೆ, ಏನು ಬರುವುದಿಲ್ಲ ಎಂಬುದು ನಿಮಗೆ ಗೊತ್ತೇ ಇದೆ. ಹಾಗಿದ್ದೂ ಈ ಅರ್ಹತಾ ಪರೀಕ್ಷೆ ಏಕೆ? ಹೊರಗಿನ ಮೂವರು ಒಂದು ಗಂಟೆಯಲ್ಲಿ ನನ್ನಲ್ಲಿ ಏನನ್ನು ಕಾಣುತ್ತಾರೆ?"

ಪಿಎಚ್.ಡಿ. ವಿದ್ಯಾರ್ಥಿ ಚನ್ನವೀರ ತನ್ನ ಗುರು ಇಂದುಮತಿಯವರನ್ನು ಕೇಳಿದ. ದೂರುವುದಕ್ಕಾಗಿ ಅಲ್ಲ, ತಿಳಿಯಬೇಕೆಂದೇ ಕೇಳಿದ್ದ.

ಇಂದುಮತಿ ಒಂದು ಕತೆ ಹೇಳಿದರು.

ಒಬ್ಬ ಸಂಶೋಧಕಿ ಇದ್ದಳು. ಅವಳೂರಿನಲ್ಲಿ ಗಾಯಕ್ಕೆ ಒಂದು ಸೊಪ್ಪನ್ನು ಅರೆದು ಕಟ್ಟುತ್ತಿದ್ದರು. ಅದರಲ್ಲಿ ಏನಿದೆ ಎಂಬ ಕುತೂಹಲ ಅವಳನ್ನು ಚಿಕ್ಕಂದಿನಿಂದ ಬಿಟ್ಟಿರಲಿಲ್ಲ. ಆ ಸೊಪ್ಪಿನ ಸಾರ ತೆಗೆದು, ಮುಲಾಮಿನಲ್ಲಿ ಬೆರೆಸಿ, ಇಲಿಗಳ ಗಾಯಕ್ಕೆ ಹಚ್ಚಿದಳು. ಏನೂ ಹಚ್ಚದ ಗಾಯ ಹದಿನಾಲ್ಕು ದಿನಕ್ಕೆ ಮಾಯಿತು. ಸಾರ ಹಚ್ಚಿದ್ದು ಒಂಬತ್ತೇ ದಿನಕ್ಕೆ ಮಾಯಿತು. ಪತ್ರಿಕೆಗೆ ಕಳಿಸುವ ಲೇಖನವನ್ನು ಬರೆದಿಟ್ಟುಕೊಂಡೇ ಅವಳು ಅರ್ಹತಾ ಪರೀಕ್ಷೆಗೆ ಹೋದಳು.

ಕೇಳಿದ್ದಕ್ಕೆಲ್ಲ ತಡವರಿಸದೆ ಉತ್ತರಿಸಿದಳು. ಕೊನೆಗೆ ಮೂವರು ಪರೀಕ್ಷಕರಲ್ಲಿ ಒಬ್ಬರು, "ಸಾರ ಬೆರೆಸದ ಬರೀ ಮುಲಾಮು ಹಚ್ಚಿ ನೋಡಿದ್ದೀರಾ?" ಎಂದರು.

"ಇಲ್ಲ ಸರ್. ಮುಲಾಮಿನಲ್ಲಿ ಔಷಧವೇ ಇಲ್ಲವಲ್ಲ."

"ನೋಡಿಕೊಂಡು ಬನ್ನಿ."

ಆರು ತಿಂಗಳ ಗಡುವು ಸಿಕ್ಕಿತು. ಎರಡನೆಯ ಸಲವೂ ತೇರ್ಗಡೆಯಾಗದಿದ್ದರೆ ಸಂಶೋಧನೆ ಬಿಟ್ಟು ಹೋಗಬೇಕೆಂಬುದು ಅಲ್ಲಿಯ ನಿಯಮ. ಅವಳಿಗೆ ಅವಮಾನವಾಯಿತು. ಎರಡು ದಿನ ಪ್ರಯೋಗಾಲಯದ ಕಡೆ ತಲೆ ಹಾಕಲಿಲ್ಲ. ಮೂರನೆಯ ದಿನ ಹೋದಳು. ಅದೇ ಜಾತಿಯ ಇಲಿ, ಅದೇ ಅಳತೆಯ ಗಾಯ, ಬರೀ ಮುಲಾಮು. ಗಾಯ ಒಂಬತ್ತು ದಿನಕ್ಕೆ ಮಾಯಿತು. ನಂಬದೆ ಮತ್ತೆ ಮಾಡಿದಳು. ಮತ್ತೆ ಒಂಬತ್ತು. ಗಾಯದ ತೇವ ಆರದಂತೆ ಕಾಪಾಡಿ, ಬೇಗ ಮಾಯಿಸಿದ್ದು ಮುಲಾಮೇ. ಸೊಪ್ಪು ಸುಮ್ಮನೆ ಜೊತೆಗಿತ್ತು.

ಆರು ತಿಂಗಳ ಮೇಲೆ ಅದೇ ಮೂವರ ಮುಂದೆ ನಿಂತು, "ನನ್ನ ಸೊಪ್ಪಿನಿಂದ ಗಾಯ ಬೇಗ ಮಾಯುವುದಿಲ್ಲ. ತೋರಿಸಲು ನನ್ನ ಬಳಿ ಬೇರೇನೂ ಇಲ್ಲ" ಎಂದಳು. ಅವರು ಅವಳ ಪ್ರಯೋಗದ ದಾಖಲೆ ಪುಸ್ತಕವನ್ನು ತೆಗೆಸಿ ಪುಟ ಬಿಡದೆ ಓದಿದರು. ಆಮೇಲೆ ಅವಳನ್ನು ತೇರ್ಗಡೆ ಮಾಡಿದರು.

"ಮಾಡಿದ ಕೆಲಸವೆಲ್ಲ ಕೈಬಿಟ್ಟು ಹೋದವಳಲ್ಲಿ ಅವರು ಕಂಡದ್ದೇನು, ಮೇಡಂ?" ಎಂದು ಚನ್ನವೀರ ಕೇಳಿದ.

"ಎರಡನೆಯ ಸಲ ಆ ಒಂಬತ್ತನ್ನು ಅವಳು ಬರೆದುಕೊಂಡಾಗ ಕೋಣೆಯಲ್ಲಿ ಇಲಿಗಳ ಹೊರತು ಮತ್ತಾರೂ ಇರಲಿಲ್ಲ. ಬೇರೆ ಅಂಕಿ ಬರೆದಿದ್ದರೂ ಯಾರಿಗೂ ತಿಳಿಯುತ್ತಿರಲಿಲ್ಲ" ಎಂದರು ಇಂದುಮತಿ.