ಒಂದು ಗುಟುಕು ನೀರು

"ಗುರುಗಳೇ, ನನ್ನ ನಾಯಕಿ ಅಷ್ಟು ಅತ್ತರೂ ಸಭೆಯಲ್ಲಿ ಒಬ್ಬರ ಕಣ್ಣೂ ಒದ್ದೆಯಾಗಲಿಲ್ಲವಲ್ಲ, ಏಕೆ?"

ಕೇಳಿದವನು ನಾಟಕ ಬರೆಯುವ ಶಿಷ್ಯ. ಹಿಂದಿನ ದಿನ ಅವನ ನಾಟಕ ಆಡಿದ್ದರು. ಗಂಡ ಸತ್ತ ಸುದ್ದಿ ಕೇಳಿ ನಾಯಕಿ ಗೋಳಾಡುವಾಗ ಜನ ಎಲೆ ಅಡಿಕೆ ಹುಡುಕಿಕೊಂಡು ಎದ್ದುಹೋಗಿದ್ದರು. ಇದಕ್ಕೆ ಉತ್ತರ ಸಿಗದಿದ್ದರೆ ಬರೆಯುವುದನ್ನೇ ಬಿಡುತ್ತೇನೆಂದು ಅವನು ಬಿಸಿಲಿನಲ್ಲಿ ಎರಡು ಹರಿದಾರಿ ನಡೆದು ಬಂದಿದ್ದನು.

"ಎಷ್ಟು ಸಾಲು ಅತ್ತಳು?"

"ಎಪ್ಪತ್ತು."

"ಪಾಪ, ನಡುವೆ ಉಸಿರಾಡಲಾದರೂ ಬಿಟ್ಟೆಯಾ?" ಎಂದು ಗುರುಗಳು ನಕ್ಕು, ಒಂದು ಚೊಂಬು ನೀರನ್ನು ಅವನ ಕೈಗೆ ಕೊಟ್ಟರು. ಅವನು ಕೂರುತ್ತಿದ್ದಂತೆಯೇ ಕತೆ ಹೇಳತೊಡಗಿದರು.

ಇಬ್ಬರು ಹತ್ತಿ ವ್ಯಾಪಾರಿಗಳಿದ್ದರು. ಒಂದೇ ಊರಿನವರು, ಗೆಳೆಯರು. ವ್ಯಾಪಾರಕ್ಕೆ ಹೋದ ದೂರದ ಊರಿನಲ್ಲಿ ಒಬ್ಬನಿಗೆ ಜ್ವರ ಬಂತು. ಮೂರನೆಯ ದಿನ ಅವನು ಗೆಳೆಯನ ಕೈ ಹಿಡಿದು, "ನನ್ನ ಹೆಂಡತಿಗೆ ನೀನೇ ಹೋಗಿ ಹೇಳು. ಬೇರೆಯವರ ಬಾಯಿಂದ ಅವಳು ಕೇಳಬಾರದು" ಎಂದು ಹೇಳಿ ಕಣ್ಣು ಮುಚ್ಚಿದನು.

ಉಳಿದವನು ಊರಿಗೆ ಹೊರಟನು. ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಜೋಡಿಸುತ್ತ ಬಂದನು. ಊರು ಕಾಣಿಸಿದಾಗ ಅವನ ಬಳಿ ಒಂದು ಮಾತೂ ಉಳಿದಿರಲಿಲ್ಲ.

ಆ ನಾಡಿನಲ್ಲಿ ಒಂದು ಕಟ್ಟಳೆಯಿತ್ತು. ಸಾವಿನ ಸುದ್ದಿ ತಂದವನು ಆ ಮನೆಯಲ್ಲಿ ಹನಿ ನೀರೂ ಕುಡಿಯಬಾರದು. ಮಕ್ಕಳಿಗೂ ತಿಳಿದ ಕಟ್ಟಳೆ ಅದು.

ಬಾಗಿಲಲ್ಲಿ ಅವನನ್ನು ಕಂಡು ಗೆಳೆಯನ ಹೆಂಡತಿಯ ಮುಖ ಅರಳಿತು. ಒಳಗಿನಿಂದ ಚೊಂಬಿನಲ್ಲಿ ನೀರು ತಂದು ಕೊಟ್ಟಳು. ಅವನು ತೆಗೆದುಕೊಂಡನು. ಬೆಳಗಿನಿಂದ ನಡೆದವನು, ಗಂಟಲು ಒಣಗಿತ್ತು.

"ನಿಮ್ಮ ಗೆಳೆಯರು ಎಲ್ಲಿ, ಅಣ್ಣ? ಹುಣಸೆಮರದ ಕೆಳಗೆ ಕೂತುಬಿಟ್ಟರೇ? ಅವರು ಯಾವಾಗಲೂ ಹಿಂದೆಯೇ. ನಮ್ಮ ಮದುವೆಗೆ ದಿಬ್ಬಣ ಮೊದಲು ಬಂತು, ಮದುಮಗ ಆಮೇಲೆ ಬಂದರು. ನಮ್ಮಪ್ಪ ಇವತ್ತಿಗೂ ಅದನ್ನು ಹೇಳಿ ನಗುತ್ತಾರೆ."

ವ್ಯಾಪಾರಿ ಬಾಯಿ ತೆರೆದನು. "ಬಿಸಿಲು ಬಹಳ, ತಂಗಿ" ಎಂದಷ್ಟೇ ಬಂತು.

"ಹಾಗಾದರೆ ಕುಡಿಯಿರಿ."

ಅವನು ಕುಡಿಯಲಿಲ್ಲ. ಕುಡಿದರೆ ಸುಳ್ಳಾಡಿದಂತೆ. ಕೆಳಗಿಟ್ಟರೆ ಹೇಳಿಬಿಟ್ಟಂತೆ. ಚೊಂಬನ್ನು ಹಿಡಿದಿರುವಷ್ಟು ಹೊತ್ತು ಅವಳಿಗೆ ಗಂಡನಿದ್ದಾನೆ. ಅವನು ಹಿಡಿದೇ ನಿಂತನು.

ಅವಳ ಕಣ್ಣು ಚೊಂಬಿನ ಮೇಲೆ ಬಿತ್ತು.

"ನೀರು ಬೆಚ್ಚಗಾಗಿರಬೇಕು. ಬೇರೆ ತರುತ್ತೇನೆ" ಎಂದು ಅವನ ಕೈಯಿಂದ ಚೊಂಬನ್ನು ತೆಗೆದುಕೊಂಡು ಒಳಗೆ ಹೋದಳು. ಈಗ ಅವಳ ಮುಖ ಕಾಣುವುದಿಲ್ಲ, ಈಗಲೇ ಹೇಳಿಬಿಡಬಹುದು ಎಂದುಕೊಂಡನು. ಹೇಳಲಾಗಲಿಲ್ಲ. ಒಳಗೆ ನೀರು ಚೆಲ್ಲಿದ ಸದ್ದಾಯಿತು. ಮತ್ತೆ ತುಂಬಿಕೊಳ್ಳುವ ಸದ್ದಾಯಿತು. ಅವಳು ಬರಲು ಬಹಳ ಹೊತ್ತು ಹಿಡಿಯಿತು.

ಎರಡೂ ಕೈಯಲ್ಲಿ ಚೊಂಬನ್ನು ಹಿಡಿದು ತಂದು ಅವನ ಮುಂದೆ ಚಾಚಿದಳು.

"ಒಂದೇ ಒಂದು ಗುಟುಕು ಕುಡಿಯಿರಿ, ಅಣ್ಣ" ಎಂದಳು.

ವ್ಯಾಪಾರಿ ಚೊಂಬನ್ನು ತೆಗೆದುಕೊಂಡನು. ಬಗ್ಗಿ, ಅದನ್ನು ಹೊಸ್ತಿಲ ಮೇಲೆ ಇಟ್ಟನು.

ಗುರುಗಳು ಕತೆಯನ್ನು ಅಲ್ಲಿಗೇ ನಿಲ್ಲಿಸಿದರು.

ಶಿಷ್ಯನು ಕಾದನು. ಕೊನೆಗೆ ತಡೆಯಲಾರದೆ, "ಆಮೇಲೆ, ಗುರುಗಳೇ? ಅವಳು ಏನೆಂದು ಅತ್ತಳು?" ಎಂದು ಕೇಳಿದನು.

"ಅದಿರಲಿ. ಬಿಸಿಲಿನಲ್ಲಿ ಬಂದವನು ನೀನು, ಮೊದಲು ಆ ನೀರು ಕುಡಿ" ಎಂದರು ಗುರುಗಳು.

ಶಿಷ್ಯನು ತನ್ನ ಕೈ ನೋಡಿಕೊಂಡನು. ಚೊಂಬು ತುಂಬಿಯೇ ಇತ್ತು.